ಉದರದ ನಡುಪಟ್ಟಿ

ಎದೆಗೂಡಿನಿಂದ ಕಿಬ್ಬೊಟ್ಟೆಯ ಎಲುಬಿನವರೆಗೆ, ಉದರದ ಮುಂಭಾಗದಲ್ಲಿ ಎರಡು ನೀಳ ಸ್ನಾಯುಗಳು ಅಕ್ಕಪಕ್ಕದಲ್ಲಿ ಇಳಿದಿವೆ. ಇವನ್ನು ನಡುವೆ ಬೆಸೆದಿರುವುದು ಕೊಲಾಜನ್ ಎಳೆಗಳ ಬಿಳಿಯ ಪಟ್ಟಿ. ಗರ್ಭ ಬೆಳೆದಂತೆ ಈ ಪಟ್ಟಿ ಹಿಗ್ಗಿ ತೆಳುವಾಗುತ್ತದೆ, ಸ್ನಾಯುಗಳು ಅಗಲುತ್ತವೆ. ಶಿಶುವಿಗೆ ಎಡೆ ದೊರೆಯುವುದು ಹೀಗೆ.

ಹೆರಿಗೆಯ ತರುವಾಯ ಈ ಅಂತರವು ಅನೇಕರಲ್ಲಿ ತಾನಾಗಿಯೇ ಕುಗ್ಗುವುದು. ನಾರ್ವೆಯಲ್ಲಿ 300 ಚೊಚ್ಚಲ ತಾಯಂದಿರನ್ನು ಕುರಿತು ನಡೆದು, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 6 ವಾರಗಳಾದಾಗ ಶೇಕಡ 60ರಷ್ಟು ಮಂದಿಯಲ್ಲಿದ್ದ ಅಂತರವು ವರ್ಷ ತುಂಬುವಾಗ ಸುಮಾರು ಶೇಕಡ 33 ಮಂದಿಯಲ್ಲಿ ಮಾತ್ರ ಉಳಿದಿತ್ತು. ಅಂಥವರಲ್ಲಿ ಸೊಂಟನೋವು ಇತರರಿಗಿಂತ ಹೆಚ್ಚಾಗಿಯೂ ಇರಲಿಲ್ಲ.

ಪುರುಷರಲ್ಲಿಯೂ ಬೊಜ್ಜು ಬೆಳೆದಾಗ, ವಯಸ್ಸು ಏರಿದಾಗ ಈ ಪಟ್ಟಿ ಸಡಿಲುವುದುಂಟು. ಅಂಗಾತ ಮಲಗಿ ತಲೆಯೆತ್ತಿದರೆ ಹೊಟ್ಟೆಯ ನಡುವೆ ನೀಳವಾದ ಉಬ್ಬು ಏಳುತ್ತದೆ. ಇದನ್ನು ಹರ್ನಿಯವೆಂದು ಭಾವಿಸಿ ಅಂಜುವವರಿದ್ದಾರೆ. ಹರ್ನಿಯದಲ್ಲಿ ಉದರದ ಗೋಡೆಯಲ್ಲಿ ರಂಧ್ರವಿದ್ದು, ಕರುಳು ಅದರಲ್ಲಿ ಸಿಕ್ಕಿಕೊಳ್ಳಬಹುದು. ಇಲ್ಲಿ ಪಟ್ಟಿ ಹಿಗ್ಗಿದೆಯೇ ಹೊರತು ಹರಿದಿಲ್ಲ. ಆದರೆ ಇವೆರಡೂ ಒಟ್ಟಿಗೇ ಇರಬಹುದಾದುದರಿಂದ ವೈದ್ಯರ ಪರೀಕ್ಷೆ ಅಗತ್ಯ.

ಚಿಕಿತ್ಸೆಯಲ್ಲಿ ಮೊದಲ ಸ್ಥಾನ ವ್ಯಾಯಾಮಕ್ಕೆ. ಅದರಿಂದ ಅಂತರ ಪೂರ್ತಿ ಮುಚ್ಚದಿದ್ದರೂ ಉದರದ ಸ್ನಾಯುಗಳಿಗೆ ಬಲ ಬರುತ್ತದೆ. ತೊಂದರೆ ಹೆಚ್ಚಾಗಿ ಉಳಿದವರಿಗೆ ಮಾತ್ರ ಶಸ್ತ್ರವೈದ್ಯರು, ಸಡಿಲಗೊಂಡ ಪಟ್ಟಿಯನ್ನು ಮಡಿಸಿ ಹೊಲಿದು, ಅಗಲಿದ ಸ್ನಾಯುಗಳನ್ನು ಮತ್ತೆ ಹತ್ತಿರ ತರುವರು.