ಕುಂಬಾರರೊಡನೆ ಎರಡು ದಿನ

ನಮ್ಮೂರಿನ ಹಿರಿಯ ಕುಂಬಾರರನ್ನು ಅರಿಯದ ಅಡಿಕೆ ಮನೆ ಈ ಸುತ್ತಿನಲ್ಲಿಲ್ಲ. ನೀರಿನ ಗಡಿಗೆ, ಮೊಸರಿನ ಕುಡಿಕೆ, ಹುರಿಯುವ ಓಡು ಎಲ್ಲವೂ ಅವರ ಕೈಯಿಂದಲೇ ಬರಬೇಕು. ಅಂಥವರು ಕಳೆದ ಭೂಮಿ ಹುಣ್ಣಿಮೆಯ ಹಿಂದಿನ ವಾರ ಮನೆಗೆ ಬಂದು, "ಹೆಗಡೇರೆ, ಇನ್ನು ಆವಿಗೆ ಹಚ್ಚೋದು ಸಾಕು ಅನ್ನಿಸಿದೆ. ಹಳೇ ಸ್ನೇಹಿತರನ್ನ ಒಮ್ಮೆ ನೋಡಿ ಬರೋಣ, ನೀವೂ ಬನ್ನಿ" ಎಂದರು. ಕಾರಣ ಕೇಳಿದರೆ ಹೇಳಲಿಲ್ಲ. ಶನಿವಾರ ಬೆಳಿಗ್ಗೆ ಸಾಗರದ ಬಸ್ಸು ಹತ್ತಿದೆವು. ಹುಲ್ಲಿನಲ್ಲಿ ಸುತ್ತಿದ ಮೂರು ಗಡಿಗೆಗಳು ದಾರಿಯುದ್ದಕ್ಕೂ ಅವರ ತೊಡೆಯ ಮೇಲೇ ಇದ್ದವು.

ಮೊದಲು ಹೋದದ್ದು ದೀವರ ಕೇರಿಯ ಅಕ್ಕನೊಬ್ಬರ ಮನೆಗೆ. ಹಬ್ಬಕ್ಕೆಂದು ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತಿದ್ದರು. ಕೆಮ್ಮಣ್ಣು ಬಳಿದ ಬಿದಿರು ಬುಟ್ಟಿಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ; ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿ ನಾರು. ಅಂಗಡಿಯಿಂದ ತಂದದ್ದು ಒಂದೂ ಇಲ್ಲ. ಹುಣ್ಣಿಮೆಯ ದಿನ ಈ ಬುಟ್ಟಿಯಲ್ಲಿ ಅಡಿಗೆ ತುಂಬಿಕೊಂಡು ಹೋಗಿ, ತೆನೆ ಕಟ್ಟುವ ಗದ್ದೆಗೆ ಬಸುರಿಯ ಬಯಕೆ ಬಡಿಸಿದಂತೆ ಎಡೆ ಇಡುತ್ತಾರೆ. "ಬುಟ್ಟಿ ಬರೀತೀನಣ್ಣ, ಆದರೆ ಎಡೆ ಇಡೋ ಗದ್ದೆ ಅರ್ಧ ತೋಟ ಆಗಿದೆ" ಎಂದರು ಅಕ್ಕ. ಕುಂಬಾರರು ತಲೆ ಆಡಿಸಿ, ಒಂದು ಗಡಿಗೆ ಕೊಟ್ಟು ಎದ್ದರು.

ಮಧ್ಯಾಹ್ನ ಭೀಮನಕೋಣೆಗೆ ಹೋದೆವು. 1996ರಲ್ಲಿ ಆರಂಭವಾದ 'ಚರಕ' ಮಹಿಳೆಯರ ಸಹಕಾರ ಸಂಘದ ಹೆಸರು ಸದಸ್ಯರು ಕೇಳಿರಬಹುದು. ನಾವು ಅಡಿಕೆ ಬೇಯಿಸಿದ ಚೊಗರು ಅಲ್ಲಿ ನೂಲಿಗೆ ಬಣ್ಣವಾಗುತ್ತದೆ. ನಮ್ಮ ಒಲೆಯ ಮೇಲಿನ ಹಂಡೆಯಲ್ಲಿ ಇಷ್ಟು ಚಂದದ ಕಂದುಗೆಂಪು ಅಡಗಿದೆಯೆಂದು ನಾನಂತೂ ಎಣಿಸಿರಲಿಲ್ಲ.

ಸಂಜೆ ಹೆಗ್ಗೋಡಿನಲ್ಲಿ ನೀನಾಸಂ ನಾಟಕ. 1949ರಲ್ಲಿ ಹುಟ್ಟಿದ ಈ ಸಂಸ್ಥೆಯನ್ನು ಬೆಳೆಸಿದ ಕೆ. ವಿ. ಸುಬ್ಬಣ್ಣನವರು ನಮ್ಮ ಹಾಗೆ ಅಡಿಕೆ ತೋಟದವರೇ. 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಕುಂಬಾರರ ಬಾಲ್ಯದ ಗೆಳೆಯರೊಬ್ಬರು ನಮಗಾಗಿ ಜಾಗ ಹಿಡಿದು ಕಾದಿದ್ದರು. ಇಬ್ಬರೂ ಎಳೆಯರಂತೆ ಮಗ್ಗುಲಲ್ಲಿ ಕುಳಿತು ಕೊನೆಯ ಅಂಕದವರೆಗೂ ಕಣ್ಣು ಕೀಳಲಿಲ್ಲ.

ರಾತ್ರಿ ಅವರ ಮನೆಯಲ್ಲೇ ತಂಗಿದೆವು. ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ ಗೆಳೆಯರು, "ಮಗಳ ಮನೆಗೆ, ನೆಂಟರಿಗೆ ಅಂತ ಹನ್ನೆರಡು ಗಡಿಗೆ ಬೇಕು, ಯಾವಾಗ ಕೊಡ್ತೀಯ?" ಎಂದರು. ಕುಂಬಾರರು ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ, "ಮಣ್ಣಿಲ್ಲ ಮಾರಾಯ" ಎಂದರು.

ಆಗ ವಿಷಯ ತಿಳಿಯಿತು. ಗಡಿಗೆಗೆ ಎಲ್ಲ ಮಣ್ಣೂ ಆಗದು. ತಗ್ಗು ಗದ್ದೆಯ, ಕೆರೆಯಂಗಳದ ಜಿಗುಟು ಮಣ್ಣೇ ಆಗಬೇಕು. ಅದನ್ನು ಒಣಗಿಸಿ, ಕುಟ್ಟಿ, ನೆನೆಹಾಕಿ, ಹದವಾಗಿ ಮರಳು ಬೆರೆಸಿ ತುಳಿಯಬೇಕು. ಹದ ತಪ್ಪಿದರೆ ಬೆಂಕಿಯಲ್ಲಿ ಬಿರುಕು ಬಿಡುತ್ತದೆ. ಆವಿಗೆಗೆ ಭತ್ತದ ಹುಲ್ಲೂ ಬೇಕು. ಗದ್ದೆಗಳೆಲ್ಲ ತೋಟವಾದ ಮೇಲೆ ಮಣ್ಣೂ ಹೋಯಿತು, ಹುಲ್ಲೂ ಹೋಯಿತು. 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎನ್ನುತ್ತೇವೆ. ಇಲ್ಲಿ ದೊಣ್ಣೆ ಹಿಡಿದವರು ಬೇರೆ ಯಾರೂ ಅಲ್ಲ.

ನಾನು ತಲೆ ತಗ್ಗಿಸಿದೆ. ಅವರು ತಂದೆಯ ಕಾಲದಿಂದ ಮಣ್ಣು ಒಯ್ಯುತ್ತಿದ್ದುದು ನಮ್ಮ ಕೆಳಗಿನ ಗದ್ದೆಯಿಂದ. ಅದಕ್ಕೆ ಹಾಕಲೆಂದು ಅಡಿಕೆ ಸಸಿ ತಂದು ಅಂಗಳದಲ್ಲಿ ಇಟ್ಟಿದ್ದೆ. ಅದನ್ನು ಕಂಡೂ ಅವರು ಒಂದು ಮಾತು ಆಡಿರಲಿಲ್ಲ. ಬಸ್ಸಿನಲ್ಲಿ ಹಿಂತಿರುಗುವಾಗ, "ಕೆಳಗಿನ ಮೂಲೆಗೆ ಸಸಿ ಹಾಕೋದಿಲ್ಲ, ಮಣ್ಣು ಒಯ್ಯಿರಿ" ಎಂದೆ. "ಹನ್ನೆರಡಕ್ಕೆ ಸಾಕು" ಎಂದಷ್ಟೇ ಅಂದು ಕಿಟಕಿಯ ಹೊರಗೆ ನೋಡಿದರು.

ಅಡಿಕೆ ಬೆಳೆಯಬೇಡಿ ಎನ್ನುವ ಅಧಿಕಾರ ನನಗಿಲ್ಲ, ನಾನೂ ಬೆಳೆಗಾರನೇ. ಆದರೆ ಗದ್ದೆಗೆ ಸಸಿ ಇಡುವ ಮುನ್ನ, ಆ ಮಣ್ಣಿನಿಂದ ಮತ್ತೆ ಯಾರು ಬದುಕುತ್ತಿದ್ದಾರೆಂದು ಒಮ್ಮೆ ಕೇಳಿ. ಊರ ಕೆರೆಯ ಹೂಳೆತ್ತುವಾಗ ಕುಂಬಾರರಿಗೂ ಹೇಳಿ ಕಳಿಸಿ. ನಮ್ಮ ಆವಿಗೆ ಈ ಬೇಸಿಗೆಗೆ ಹೊತ್ತಲಿದೆ. ಗಡಿಗೆ ಬೇಕಾದವರು ಈಗಲೇ ಅವರಿಗೆ ತಿಳಿಸಬೇಕಾಗಿ ಕೋರಿಕೆ.