ಮಣಿಕಟ್ಟಿನ ಮೇಲಿನ ಆಣೆವಾರಿ ಲೆಕ್ಕ

ಸಂಖ್ಯೆಗಳಿಗೆ ವಿಚಿತ್ರವಾದೊಂದು ಅಧಿಕಾರವಿದೆ. ‘ಸುಮಾರು ಇನ್ನೂರು’ ಎಂದರೆ ಅನುಮಾನಿಸುವವರೂ ‘184’ ಎಂದೊಡನೆ ಒಪ್ಪಿಬಿಡುತ್ತಾರೆ. ಸೇವಾವಧಿಯ ಬಹುಭಾಗವನ್ನು ಅಂಕಿಅಂಶಗಳ ನಡುವೆಯೇ ಕಳೆದ ನನಗೆ ಇದು ಹೊಸ ಸಂಗತಿಯೇನೂ ಅಲ್ಲ. ಆದರೆ ಆ ಅಧಿಕಾರ ಈಗ ಕಡತಗಳಿಂದ ಇಳಿದು ನಮ್ಮ ಮಣಿಕಟ್ಟನ್ನು ಏರಿ ಕುಳಿತಿದೆ. ವ್ಯಾಯಾಮ ಮುಗಿಸಿದ ಕೂಡಲೇ ಸ್ಮಾರ್ಟ್ ವಾಚ್‌ಗಳೂ ಫಿಟ್‌ನೆಸ್ ಆ್ಯಪ್‌ಗಳೂ ‘ಇಷ್ಟು ಕ್ಯಾಲರಿ ಕರಗಿತು’ ಎಂದು ಬಿಡಿ ಸ್ಥಾನದವರೆಗೂ ಲೆಕ್ಕ ಒಪ್ಪಿಸುತ್ತವೆ. ಭಾರ ಎತ್ತುವ ವ್ಯಾಯಾಮದ ಮಟ್ಟಿಗೆ ಈ ಲೆಕ್ಕ ಎಷ್ಟು ದುರ್ಬಲವಾದುದು ಮತ್ತು ಅದನ್ನು ನಂಬಿ ನಡೆದರೆ ಹಿರಿಯರು ಏನನ್ನು ಕಳೆದುಕೊಳ್ಳುತ್ತಾರೆ ಎಂಬುದು ವಿಚಾರಾರ್ಹ.

ಕಂದಾಯ ಇಲಾಖೆಯನ್ನು ಬಲ್ಲವರಿಗೆ ‘ಆಣೆವಾರಿ’ ಎಂಬ ಮಾತು ಪರಿಚಿತ. ಹದಿನಾರಾಣೆ ಎಂದರೆ ಪೂರ್ಣ ಬೆಳೆ; ಅದಕ್ಕೆ ಹೋಲಿಸಿ ಈ ವರ್ಷದ ಫಸಲು ಎಷ್ಟಾಣೆ ಎಂಬುದನ್ನು ಹೊಲದ ಬದುವಿನಲ್ಲಿ ನಿಂತು ಕಣ್ಣಂದಾಜಿನಲ್ಲಿ ನಿರ್ಧರಿಸುತ್ತಿದ್ದರು. ಇದಕ್ಕೆ ಬದಲಾಗಿ 1940ರ ದಶಕದಲ್ಲಿ ಮಹಾಲನೋಬಿಸ್ ಮತ್ತು ಸುಖಾತ್ಮೆ ಅವರಂತಹ ವಿದ್ವಾಂಸರು ಬೆಳೆ ಕಟಾವು ಪ್ರಯೋಗಕ್ಕೆ ಶಾಸ್ತ್ರೀಯ ತಳಹದಿ ಒದಗಿಸಿದರು. ಯಾದೃಚ್ಛಿಕವಾಗಿ ಆಯ್ದ ಹೊಲದಲ್ಲಿ ಅಳತೆಯ ತುಂಡೊಂದನ್ನು ಗುರುತಿಸಿ, ಕೊಯ್ದು, ಒಕ್ಕಿ, ತೂಗಿ ಇಳುವರಿಯನ್ನು ಕಂಡುಕೊಳ್ಳುವ ವಿಧಾನವಿದು. ದೇಹದ ಶಕ್ತಿವ್ಯಯದ ವಿಷಯದಲ್ಲೂ ಇಂತಹ ‘ಕಟಾವು ಪ್ರಯೋಗ’ ಇದೆ. ಮುಖಕ್ಕೆ ಮುಸುಕು ತೊಡಿಸಿ, ಒಳಹೋದ ಆಮ್ಲಜನಕವನ್ನೂ ಹೊರಬಂದ ಇಂಗಾಲದ ಡೈಆಕ್ಸೈಡನ್ನೂ ಪ್ರಯೋಗಾಲಯದಲ್ಲಿ ಅಳೆಯುತ್ತಾರೆ. ಕೈಗಡಿಯಾರಕ್ಕೆ ಇದು ಸಾಧ್ಯವಿಲ್ಲ. ಅದು ಹೇಳುವುದು ಆಣೆವಾರಿ ಮಾತ್ರ.

ಈ ಅಂದಾಜು ಎರಡು ಬಗೆಯಲ್ಲಿ ನಡೆಯುತ್ತದೆ. ಮೊದಲನೆಯದು ಕೋಷ್ಟಕದ ವಿಧಾನ. ಸುಮ್ಮನೆ ಕುಳಿತಾಗ ಆಗುವ ಶಕ್ತಿವ್ಯಯವನ್ನು ‘ಒಂದು ಮೆಟ್’ ಎನ್ನುತ್ತಾರೆ. ದೇಹತೂಕದ ಪ್ರತಿ ಕಿಲೋಗೆ ಗಂಟೆಗೆ ಸುಮಾರು ಒಂದು ಕಿಲೊಕ್ಯಾಲರಿ. ಯಾವ ಚಟುವಟಿಕೆಗೆ ಎಷ್ಟು ಮೆಟ್ ಎಂಬ ಪಟ್ಟಿಯನ್ನು ಅಮೆರಿಕದ ಸಂಶೋಧಕರು 1993ರಲ್ಲಿ ಮೊದಲು ಪ್ರಕಟಿಸಿದರು. ಅದರ 2011ರ ಪರಿಷ್ಕೃತ ಆವೃತ್ತಿಯಲ್ಲಿ ಸಾಮಾನ್ಯ ಭಾರ ವ್ಯಾಯಾಮಕ್ಕೆ 3.5 ಮೆಟ್, ತೀವ್ರ ಶ್ರಮದ ವ್ಯಾಯಾಮಕ್ಕೆ 6 ಮೆಟ್ ಎಂದಿದೆ. 70 ಕಿಲೋ ತೂಕದವರು 45 ನಿಮಿಷ ವ್ಯಾಯಾಮ ಮಾಡಿದರೆ ಮೊದಲ ಲೆಕ್ಕದಂತೆ 184, ಎರಡನೆಯದರಂತೆ 315 ಕಿಲೊಕ್ಯಾಲರಿ. ಎರಡರ ನಡುವಿನ ಅಂತರ ಸುಮಾರು ಒಂದು ದೊಡ್ಡ ಚಮಚ ತುಪ್ಪದಷ್ಟು. ‘ಸಾಮಾನ್ಯ’ ಯಾವುದು, ‘ತೀವ್ರ’ ಯಾವುದು ಎಂಬುದನ್ನು ನಿರ್ಧರಿಸುವುದು ಬಹುತೇಕ ಬಳಕೆದಾರರ ಮರ್ಜಿ. ಇಷ್ಟೂ ಹೊತ್ತು ಕುರ್ಚಿಯಲ್ಲಿ ಕುಳಿತಿದ್ದರೂ 52 ಕಿಲೊಕ್ಯಾಲರಿ ವ್ಯಯವಾಗುತ್ತಿತ್ತು. ಅದನ್ನು ಕಳೆದು ನಿವ್ವಳ ತೋರಿಸುತ್ತಿದ್ದೇವೆಯೇ ಎಂಬುದನ್ನು ಎಲ್ಲ ಆ್ಯಪ್‌ಗಳೂ ಸ್ಪಷ್ಟಪಡಿಸುವುದಿಲ್ಲ.

‘ಒಂದು ಮೆಟ್’ ಎಂಬ ಅಳತೆಗೋಲೇ ಎಲ್ಲರಿಗೂ ಸಮನಲ್ಲ. ಕಿಲೋಗೆ ನಿಮಿಷಕ್ಕೆ 3.5 ಮಿಲಿಲೀಟರ್ ಆಮ್ಲಜನಕ ಎಂಬುದು ಅದರ ರೂಢಿಯ ಮೌಲ್ಯ. ಆದರೆ 769 ವಯಸ್ಕರನ್ನು ಒಳಗೊಂಡು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದೊರೆತ ಸರಾಸರಿ 2.6 ಮಾತ್ರ. ಭಾರತೀಯರ ವಿಶ್ರಾಂತ ಸ್ಥಿತಿಯ ಶಕ್ತಿವ್ಯಯವನ್ನು ಅಂತರರಾಷ್ಟ್ರೀಯ ಸೂತ್ರಗಳು ಹೆಚ್ಚಾಗಿ ಅಂದಾಜು ಮಾಡುತ್ತವೆ ಎಂಬುದನ್ನು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ದಶಕಗಳ ಹಿಂದೆಯೇ ತೋರಿಸಿದ್ದರು.

ಎರಡನೆಯದು ಹೃದಯ ಬಡಿತದ ವಿಧಾನ. ನಡೆಯುವಾಗ, ಓಡುವಾಗ, ಸೈಕಲ್ ತುಳಿಯುವಾಗ ಬಡಿತ ಏರಿದಂತೆ ಆಮ್ಲಜನಕದ ಬಳಕೆಯೂ ಹೆಚ್ಚುಕಡಿಮೆ ಸರಳ ಅನುಪಾತದಲ್ಲಿ ಏರುತ್ತದೆ. ಹೀಗಾಗಿ ಒಂದರಿಂದ ಮತ್ತೊಂದನ್ನು ಊಹಿಸಬಹುದು. ಭಾರ ಎತ್ತುವಾಗ ಈ ನಂಟು ಸಡಿಲಗೊಳ್ಳುತ್ತದೆ. ಬಿಗಿಹಿಡಿದ ಸ್ನಾಯುಗಳು ರಕ್ತನಾಳಗಳನ್ನು ಒತ್ತುತ್ತವೆ, ಉಸಿರು ಬಿಗಿಹಿಡಿದಾಗ ರಕ್ತದೊತ್ತಡ ಏರುತ್ತದೆ. ಆಮ್ಲಜನಕದ ಬಳಕೆ ಅಷ್ಟಾಗಿ ಹೆಚ್ಚದಿದ್ದರೂ ಬಡಿತ ಹೆಚ್ಚುತ್ತದೆ. ಇನ್ನೊಂದೆಡೆ, ಅರ್ಧ ನಿಮಿಷದ ತೀವ್ರ ಎತ್ತುವಿಕೆಗೆ ಬೇಕಾದ ಶಕ್ತಿಯ ಬಹುಪಾಲು ಆಮ್ಲಜನಕವಿಲ್ಲದೆಯೇ ಉತ್ಪತ್ತಿಯಾಗುತ್ತದೆ. ಇದು ದೇಹ ಮಾಡುವ ಕೈಗಡ. ವಿಶ್ರಾಂತಿಯ ಹೊತ್ತಿನಲ್ಲಿ ಏದುಸಿರಿನ ರೂಪದಲ್ಲಿ ಅದರಲ್ಲಿ ಬಹುಪಾಲನ್ನು ತೀರಿಸುತ್ತದೆ. ಇಂತಹ ಜಮಾಖರ್ಚನ್ನು ಬಡಿತವೊಂದರಿಂದಲೇ ಓದುವುದು ಕಷ್ಟ.

ಉಪಕರಣದ ಮಿತಿಗಳೂ ಇವೆ. ಚರ್ಮದ ಮೇಲೆ ಹಸಿರು ಬೆಳಕು ಹಾಯಿಸಿ ರಕ್ತಪ್ರವಾಹದ ಏರಿಳಿತವನ್ನು ಗ್ರಹಿಸುವ ಗಡಿಯಾರಕ್ಕೆ, ಡಂಬೆಲ್ ಬಿಗಿಯಾಗಿ ಹಿಡಿದಾಗ ಮಣಿಕಟ್ಟು ಮಡಿಚಿ ಬಿಗಿಯುವುದರಿಂದ ಸಂಕೇತ ಕದಡುತ್ತದೆ. ಚಲನೆಯನ್ನು ಗುರುತಿಸುವ ಸಂವೇದಕಕ್ಕೆ ಕೈಯಲ್ಲಿರುವುದು 5 ಕಿಲೋ ಭಾರವೋ 25 ಕಿಲೋ ಭಾರವೋ ತಿಳಿಯದು. ಯಂತ್ರದಲ್ಲಿ ಕುಳಿತು ಕಾಲುಗಳಿಂದ ಭಾರ ತಳ್ಳುವವರ ಕೈಗಳು ಅಲುಗುವುದೇ ಇಲ್ಲ. ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ತಂಡವೊಂದು 2017ರಲ್ಲಿ ಏಳು ಬಗೆಯ ಮಣಿಕಟ್ಟಿನ ಸಾಧನಗಳನ್ನು 60 ಜನರ ಮೇಲೆ ಪರೀಕ್ಷಿಸಿತು. ಹೃದಯ ಬಡಿತವನ್ನು ಆರು ಸಾಧನಗಳು ಶೇ 5ಕ್ಕಿಂತ ಕಡಿಮೆ ದೋಷದಿಂದ ಅಳೆದವು. ಕ್ಯಾಲರಿಯ ವಿಷಯದಲ್ಲಿ ಮಾತ್ರ ಅತ್ಯುತ್ತಮ ಸಾಧನದ ದೋಷ ಸರಾಸರಿ ಶೇ 27, ಅತಿ ಕಳಪೆಯದು ಶೇ 93. ಗಮನಿಸಬೇಕಾದ ಸಂಗತಿಯೆಂದರೆ, ಅಲ್ಲಿ ಪರೀಕ್ಷೆಗೆ ಒಳಪಟ್ಟದ್ದು ನಡಿಗೆ, ಓಟ, ಸೈಕಲ್ ತುಳಿತ. ಅಂದರೆ ಅಂದಾಜಿಗೆ ಹೆಚ್ಚು ಅನುಕೂಲಕರವಾದ ಚಟುವಟಿಕೆಗಳು.

ಲೆಕ್ಕ ತಪ್ಪಿದರೆ ಆಗುವ ನಷ್ಟವಾದರೂ ಏನು ಎಂದು ಕೇಳಬಹುದು. ನಷ್ಟವಿದೆ. ನಮ್ಮ ಬಡಾವಣೆಯ ವ್ಯಾಯಾಮಶಾಲೆಗೆ ಬರುತ್ತಿದ್ದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಕೆಲವು ತಿಂಗಳ ಹಿಂದೆ ಭಾರ ವ್ಯಾಯಾಮವನ್ನು ನಿಲ್ಲಿಸಿದರು. ನಲವತ್ತು ನಿಮಿಷದ ಬಿರುಸು ನಡಿಗೆಗೆ ಗಡಿಯಾರ ಇನ್ನೂರು ತೋರಿಸುತ್ತದೆ, ಭಾರಕ್ಕೆ ನೂರ ನಲವತ್ತು; ಮತ್ತೇಕೆ ಈ ಕಷ್ಟ ಎಂಬುದು ಅವರ ತರ್ಕ. ಲಾಭ–ನಷ್ಟದ ದೃಷ್ಟಿಯಿಂದ ತರ್ಕ ಸರಿಯೇ, ಆದರೆ ಆಸ್ತಿಯ ಮೌಲ್ಯ ಆ ಪಟ್ಟಿಯಲ್ಲೇ ಇಲ್ಲ. ವಯಸ್ಸಾದಂತೆ ಸ್ನಾಯು ಕರಗುತ್ತದೆ. ಕುರ್ಚಿಯಿಂದ ಏಳುವುದು, ಮೆಟ್ಟಿಲು ಹತ್ತುವುದು, ಎಡವಿದಾಗ ಸಾವರಿಸಿಕೊಳ್ಳುವುದು ಎಲ್ಲವೂ ಆ ಆಸ್ತಿಯನ್ನೇ ಅವಲಂಬಿಸಿವೆ. ಬಾಸ್ಟನ್‌ನಲ್ಲಿ ಸರಾಸರಿ 90 ವರ್ಷ ವಯಸ್ಸಿನ ಹತ್ತು ಮಂದಿ ಅಶಕ್ತ ವೃದ್ಧರಿಗೆ ಎಂಟು ವಾರ ಭಾರ ವ್ಯಾಯಾಮ ಮಾಡಿಸಿದ ಅಧ್ಯಯನ 1990ರಲ್ಲಿ ಪ್ರಕಟವಾಯಿತು. ತರಬೇತಿ ಪೂರೈಸಿದ ಒಂಬತ್ತು ಜನರ ಕಾಲಿನ ಶಕ್ತಿ ಸರಾಸರಿ ಶೇ 174ರಷ್ಟು ಹೆಚ್ಚಿತ್ತು. ಅವರು ಕರಗಿಸಿದ ಕ್ಯಾಲರಿ ಅತ್ಯಲ್ಪವೇ ಇದ್ದೀತು.

ಊಟದ ನಂತರ ರಕ್ತದಲ್ಲಿನ ಸಕ್ಕರೆಯನ್ನು ಇನ್ಸುಲಿನ್ ನೆರವಿನಿಂದ ಹೀರಿಕೊಳ್ಳುವ ಪ್ರಮುಖ ಅಂಗಾಂಶವೂ ಸ್ನಾಯುವೇ. ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ ಎಂದು ಐಸಿಎಂಆರ್ ನೆರವಿನ ಸಮೀಕ್ಷೆ 2023ರಲ್ಲಿ ಅಂದಾಜಿಸಿದೆ. ವಯಸ್ಕರು ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಬೇಕು ಎಂಬ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯನ್ನು ಈ ಹಿನ್ನೆಲೆಯಲ್ಲಿ ಓದಬೇಕು.

ಅಳತೆಯೇ ಗುರಿಯಾದಾಗ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ ಎಂಬುದು ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಹೆಸರಿನಲ್ಲಿ ಪ್ರಸಿದ್ಧವಾದ ತತ್ವ. ಹೆಜ್ಜೆಗಳ ಎಣಿಕೆಗೆ ಅಂಕ ನೀಡಿ ಆರೋಗ್ಯ ವಿಮೆಯ ಕಂತಿನಲ್ಲಿ ರಿಯಾಯಿತಿ ಕೊಡುವ ಪದ್ಧತಿ ನಮ್ಮಲ್ಲೂ ಬಂದಿದೆ. ಉದ್ದೇಶ ಸ್ವಾಗತಾರ್ಹ. ಆದರೆ ಸುಲಭವಾಗಿ ಎಣಿಸಬಹುದಾದುದಕ್ಕೆ ಮಾತ್ರ ಪ್ರೋತ್ಸಾಹ ಸಿಕ್ಕರೆ, ಎಣಿಕೆಗೆ ಸಿಗದ ಶ್ರಮವನ್ನು ಜನ ಕೈಬಿಡುವುದು ಸಹಜ.

ಆದ್ದರಿಂದ ಆ್ಯಪ್ ತಯಾರಕರಿಂದ ನಾವು ಎರಡು ಸಂಗತಿಗಳನ್ನು ಕೇಳಬೇಕು. ‘184’ ಎಂಬ ಹುಸಿ ನಿಖರತೆಯ ಬದಲು ‘130ರಿಂದ 240ರ ನಡುವೆ’ ಎಂಬಂತೆ ಶ್ರೇಣಿಯನ್ನು ತೋರಿಸಲಿ. ಯಾವ ವಿಧಾನದಿಂದ ಲೆಕ್ಕ ಹಾಕಲಾಯಿತು ಎಂಬುದನ್ನು ಒಂದು ಸಾಲಿನಲ್ಲಿ ತಿಳಿಸಲಿ. ಬಳಕೆದಾರರು ಆ ಅಂಕಿಯನ್ನು ನೋಡಿ ಊಟದ ತಟ್ಟೆಗೆ ಇನ್ನಷ್ಟು ಬಡಿಸಿಕೊಳ್ಳುವುದು ಬೇಡ. ಭಾರ ವ್ಯಾಯಾಮದ ಪ್ರಗತಿಗೆ ಗಡಿಯಾರದ ಹಂಗಿಲ್ಲದ ಲೆಕ್ಕವೇ ಇದೆ: ಎಷ್ಟು ಕಿಲೋ, ಎಷ್ಟು ಬಾರಿ, ಹೋದ ತಿಂಗಳಿಗಿಂತ ಎಷ್ಟು ಹೆಚ್ಚು. ಒಂದು ಸಣ್ಣ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದಿಟ್ಟರೂ ಸಾಕು. ಅದು ತೂಗಿ ನೋಡಿದ ಲೆಕ್ಕ, ಕಣ್ಣಂದಾಜಲ್ಲ.