ಸೀಸಕ್ಕೆ ಫಾಸ್ಫೇಟಿನ ಬೀಗ

ಹಂದಿ ಕಾಟ ತಡೆಯಲಾರದೆ ನಮ್ಮ ಕಡೆ ಶೇಂಗಾ ಹೊಲಗಳಿಗೆ ಸೋಲಾರ್ ಬೇಲಿ ಬಂತು. ಬೇಲಿ ಹಿಂದೆ ಬ್ಯಾಟರಿಯೂ ಬಂತು. ಕೆಲವು ವರ್ಷಕ್ಕೆ ಅದು ಸತ್ತಾಗ ಬದುವಿನ ಮೇಲೇ ಒಡೆದು, ಆಸಿಡ್ ಚೆಲ್ಲಿ, ಸೀಸದ ಪ್ಲೇಟನ್ನು ಗುಜರಿಗೆ ಹಾಕುವವರಿದ್ದಾರೆ. ಒಡೆದವನಿಗೆ ನಾಲ್ಕು ಕಾಸು ಸಿಗುತ್ತೆ. ಮಣ್ಣಿಗೇನು ಸಿಗುತ್ತೆ?

ಸೀಸ ಕೊಳೆಯುವ ವಸ್ತುವಲ್ಲ. ಬಿದ್ದಲ್ಲೇ ಮೇಲ್ಮಣ್ಣಿನಲ್ಲಿ ಉಳಿದು, ಧೂಳಾಗಿ ಮಕ್ಕಳ ಕೈಯಿಂದ ಬಾಯಿಗೆ ಹೋಗುತ್ತದೆ. ಮಿದುಳಿಗೇ ಪೆಟ್ಟು. ಆಫ್ರಿಕಾದ ಸೆನೆಗಲ್ ದೇಶದ ಡಾಕರ್ ಪಕ್ಕದಲ್ಲಿ ಹಳೇ ಬ್ಯಾಟರಿ ಒಡೆಯುತ್ತಿದ್ದ ಒಂದು ಬಡಾವಣೆಯಿದೆ. ಅಲ್ಲಿ 2007-08ರಲ್ಲಿ ಐದೇ ತಿಂಗಳೊಳಗೆ 18 ಮಕ್ಕಳು ಸೀಸದ ವಿಷಕ್ಕೆ ತೀರಿಕೊಂಡರು.

ಬೀಗ ಬೀಳುವ ಬಗೆ

ಎರೆ ಹೊಲಕ್ಕೆ ಡಿಎಪಿ ಹಾಕಿದರೆ ಅದರ ರಂಜಕ ಸುಣ್ಣದ ಕೈಗೆ ಸಿಕ್ಕಿ ಗಟ್ಟಿಯಾಗುವುದು ನಮಗೆ ಗೊತ್ತೇ ಇದೆ. ಬೆಳೆಗೆ ಅದು ನಷ್ಟ. ಸೀಸದ ಮಟ್ಟಿಗೆ ಅದೇ ಗುಣ ಲಾಭ. ನೀರಿನಲ್ಲಿ ಕರಗಿದ ಸೀಸಕ್ಕೆ ಫಾಸ್ಫೇಟ್ ಸಿಕ್ಕರೆ ಎರಡೂ ಸೇರಿ ಕರಗದ ಬಿಳಿ ಪುಡಿಯಾಗಿ ತಳ ಸೇರುತ್ತವೆ. ಜೊತೆಗೆ ಕ್ಲೋರೈಡ್ ಇದ್ದರೆ ಪೈರೋಮಾರ್ಫೈಟ್ ಎಂಬ ಖನಿಜವಾಗುತ್ತದೆ. ಅದು ಹೊಟ್ಟೆಯ ಆಮ್ಲಕ್ಕೂ ಸುಲಭಕ್ಕೆ ಜಗ್ಗುವುದಿಲ್ಲ.

ಇಲ್ಲಿ ಹುಳಿಯ ಆಟ ನೋಡಬೇಕು. ಮಣ್ಣುನೀರಿನ ಫಾಸ್ಫೇಟ್ ಜಲಜನಕ ಹೊತ್ತುಕೊಂಡೇ ಇರುತ್ತದೆ. ರಸಸಾರ 6ರ ಹತ್ತಿರವಿದ್ದರೆ ಹೆಚ್ಚಿನವು ಎರಡೆರಡು ಹೊರುತ್ತವೆ, 8ರ ಹತ್ತಿರವಾದರೆ ಒಂದೊಂದು. ಸೀಸವನ್ನು ಹಿಡಿಯುವಾಗ ಈ ಹೊರೆ ಇಳಿಸಬೇಕು. ಇಳಿದ ಜಲಜನಕವೇ ಹುಳಿ. ಅಂದರೆ ಬೀಗ ಬಿದ್ದಷ್ಟೂ ನೀರು ಹುಳಿಯಾಗುತ್ತದೆ. ಹುಳಿ ಮಿತಿಮೀರಿದರೆ ಫಾಸ್ಫೇಟ್ ಮತ್ತೆ ಜಲಜನಕ ಹೊತ್ತು ಸೀಸದ ಕೈಬಿಡುತ್ತದೆ. ಸುಣ್ಣ ಆ ಹುಳಿಯನ್ನು ತಿಂದರೆ ಬೀಗ ಭದ್ರ. ನಮ್ಮ ಕೆಂಪು ಮಣ್ಣಿನಲ್ಲಿ ಸುಣ್ಣ ಕಡಿಮೆ, ಅದಕ್ಕೇ ಅಲ್ಲಿ ಚೆಲ್ಲಿದ ಆಸಿಡ್‌ಗೆ ತಡೆಯೂ ಕಡಿಮೆ.

ಅಮೆರಿಕದಲ್ಲಿ ಮಾಡಿದ್ದು

ಸೀಸದ ಗಣಿಗಳಿದ್ದ ಜಾಪ್ಲಿನ್ ಎಂಬ ಊರಿನಲ್ಲಿ ಮಣ್ಣಿಗೆ ಫಾಸ್ಫರಿಕ್ ಆಮ್ಲ ಬೆರೆಸಿ ಪ್ರಯೋಗ ಮಾಡಿದರು. ಆಮ್ಲ ಮೊದಲು ಸೀಸವನ್ನು ಸಡಿಲಿಸುತ್ತದೆ, ಫಾಸ್ಫೇಟ್ ಅದನ್ನು ಹಿಡಿಯುತ್ತದೆ, ಕೊನೆಗೆ ಸುಣ್ಣ ಹಾಕಿ ಹುಳಿ ಇಳಿಸುತ್ತಾರೆ. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ 2011ರಿಂದ ಮನೆಯಂಗಳಗಳ ಮಣ್ಣಿಗೆ ಮೀನಿನ ಮೂಳೆಪುಡಿ ಬೆರೆಸಿದರು. ಮೂಳೆಯಲ್ಲಿರುವುದೂ ಫಾಸ್ಫೇಟೇ.

ಹಾಗಂತ ನಾವು ಡಿಎಪಿ ಚೀಲ ಸುರಿಯಲು ಹೊರಡುವುದು ಬೇಡ. ಬೀಗ ಹಾಕಿದರೂ ಸೀಸ ಹೊಲದಲ್ಲೇ ಇರುತ್ತದೆ. ಹೆಚ್ಚಾದ ಫಾಸ್ಫೇಟ್ ಕೆರೆ ಸೇರಿದರೆ ಪಾಚಿ. ಮಣ್ಣಿನಲ್ಲಿ ಆರ್ಸೆನಿಕ್ ಇದ್ದರೆ ಅದನ್ನು ಫಾಸ್ಫೇಟೇ ಸಡಿಲಿಸಿಬಿಡುತ್ತದೆ. ಅಳತೆಯಿಲ್ಲದೆ ಮಾಡುವ ಕೆಲಸವಲ್ಲ ಇದು.

ನಮ್ಮ ಕೈಯಲ್ಲಿರುವುದು

• ಬ್ಯಾಟರಿ ಒಡೆಯಬೇಡಿ. ನಾನು ಹಳೇದನ್ನು ಇಡಿಯಾಗಿ ಅಂಗಡಿಗೇ ಕೊಟ್ಟು, ಹೊಸದರ ಬೆಲೆಯಲ್ಲಿ ಮುರಿದುಕೊಳ್ಳುತ್ತೇನೆ. 2022ರ ನಿಯಮದಂತೆ ಹಳೇ ಬ್ಯಾಟರಿ ವಾಪಸು ಪಡೆದು ವಿಲೇವಾರಿ ಮಾಡಿಸುವುದು ತಯಾರಕರ ಹೊಣೆ.

• ಒಡೆದ ಜಾಗ ಗೊತ್ತಿದ್ದರೆ ಮಕ್ಕಳನ್ನು ಅಲ್ಲಿ ಆಡಲು ಬಿಡಬೇಡಿ. ಸೊಪ್ಪು, ಗೆಡ್ಡೆ ಬೆಳೆಯಬೇಡಿ. ಧೂಳೇಳದಂತೆ ಹುಲ್ಲು ಬೆಳೆಸಿ ಮುಚ್ಚಿಡಿ, ದನ ಮೇಯಿಸಬೇಡಿ.

• ಮಣ್ಣು ಆರೋಗ್ಯ ಕಾರ್ಡಿನ 12 ಅಂಶಗಳಲ್ಲಿ ಸೀಸ ಇಲ್ಲ. ಅನುಮಾನವಿದ್ದರೆ ಪ್ರಯೋಗಾಲಯದಲ್ಲಿ ಸೀಸದ ಪರೀಕ್ಷೆಯನ್ನೇ ಬೇರೆಯಾಗಿ ಕೇಳಿ ಮಾಡಿಸಿ.